ಕಂಬಂ ಕಣಿವೆಯ ಹಾಡುಗಾರ ಪಾವಲರ್ ವರದರಾಜನ್

ಮಧುರೆಯಿಂದ ಪಡುವಣ ದಿಕ್ಕಿಗೆ ಹೊರಟ ಬಸ್ಸು ಉಸಿಲಂಪಟ್ಟಿ, ಆಂಡಿಪಟ್ಟಿಗಳನ್ನು ದಾಟಿ ತೇನಿ ಪಟ್ಟಣವನ್ನು ಸೇರುವ ಹೊತ್ತಿಗೆ ಎದುರಿಗೆ ಸಹ್ಯಾದ್ರಿಯ ಗೋಡೆ ಎದ್ದು ನಿಲ್ಲುತ್ತದೆ. ಅಲ್ಲಿಂದ ತೆಂಕಣಕ್ಕೆ ಹರಡಿದ ಹಸಿರು ಬಯಲೇ ಕಂಬಂ ಕಣಿವೆ. ಭತ್ತ, ತೆಂಗು, ಬಾಳೆ, ದ್ರಾಕ್ಷಿ ಇಲ್ಲಿಯ ಬೆಳೆಗಳು. ಈ ಹಸಿರಿಗೆಲ್ಲ ಮೂಲ 1895ರಲ್ಲಿ ಪೆನ್ನಿಕ್ವಿಕ್ ಎಂಬ ಆಂಗ್ಲ ಎಂಜಿನಿಯರು ಕಟ್ಟಿ ಮುಗಿಸಿದ ಪೆರಿಯಾರ್ ಅಣೆಕಟ್ಟು. ಪಶ್ಚಿಮದ ಕಡಲಿಗೆ ಹರಿದುಹೋಗುತ್ತಿದ್ದ ನೀರನ್ನು ಬೆಟ್ಟ ಕೊರೆದ ಸುರಂಗದೊಳಗಿಂದ ಪೂರ್ವಕ್ಕೆ ತಿರುಗಿಸಿದ ಪುಣ್ಯಾತ್ಮನೆಂದು ಆ ಸೀಮೆಯ ರೈತರು ಇಂದಿಗೂ ಆತನ ಚಿತ್ರಕ್ಕೆ ಹೂವಿನ ಹಾರ ಹಾಕುತ್ತಾರೆ. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡವನ್ನೇ ಆಡುವ ಒಕ್ಕಲಿಗ ಕುಟುಂಬಗಳೂ ತಲೆಮಾರುಗಳಿಂದ ನೆಲೆಸಿವೆ ಎಂಬುದನ್ನು ನಮ್ಮ ಓದುಗರಿಗೆ ಇಲ್ಲಿಯೇ ತಿಳಿಸಿಬಿಡುತ್ತೇವೆ. ಆದ್ದರಿಂದ ಈ ಕಥೆ ತೀರ ಹೊರಗಿನವರದೆಂದು ಯಾರೂ ಭಾವಿಸಬೇಕಾಗಿಲ್ಲ.

ಕಣಿವೆಯ ಒಂದು ಅಂಚಿನಲ್ಲಿ, ಬೆಟ್ಟದ ಬುಡಕ್ಕೆ ಹತ್ತಿರವಾಗಿ, ಪಣ್ಣೈಪುರಂ ಎಂಬ ಊರಿದೆ. ಇಂದು ಈ ಹೆಸರು ಕೇಳಿದೊಡನೆ ಸಂಗೀತ ಬಲ್ಲವರೆಲ್ಲರೂ ಇಳಯರಾಜ ಎಂದು ಉದ್ಗರಿಸುತ್ತಾರೆ. ಆದರೆ ನಾವು ಈ ಸಂಚಿಕೆಗೆ ಆರಿಸಿಕೊಂಡಿರುವುದು ಇಳಯರಾಜರ ಜೀವನವನ್ನಲ್ಲ. ಅವರಿಗಿಂತ ಮೊದಲು ಆ ಊರಿನ ಹೆಸರನ್ನು ಊರಿಂದೂರಿಗೆ ಹೊತ್ತು ತಿರುಗಿದ ಅವರ ಹಿರಿಯಣ್ಣ ವರದರಾಜನ್ ಅವರ ಜೀವನವನ್ನು. ಪಾವಲರ್ ಎಂದರೆ ತಮಿಳಿನಲ್ಲಿ ಕವಿ, ಹಾಡು ಕಟ್ಟುವವನು. ಈ ಮಾತು ಅವರ ಹೆಸರಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ ಬರಿಯ ಪಾವಲರ್ ಎಂದರೂ ಆ ಕಡೆಯ ಜನಕ್ಕೆ ಯಾರೆಂದು ತಿಳಿಯುತ್ತಿತ್ತು.

ತಂದೆ ರಾಮಸಾಮಿಯವರದು ದೊಡ್ಡ ಸಂಸಾರ, ಚಿಕ್ಕ ಆದಾಯ. ವರದರಾಜನ್ ಅವರಿಗೂ ಭಾಸ್ಕರ್, ರಾಸಯ್ಯ, ಅಮರ್ ಎಂಬ ತಮ್ಮಂದಿರಿಗೂ ತಂದೆ ಒಬ್ಬರೇ, ತಾಯಿ ಬೇರೆ. ತಮ್ಮಂದಿರ ತಾಯಿ ಚಿನ್ನತಾಯಿಯವರ ಬಾಯಲ್ಲಿ ಜೋಗುಳ, ಹೊಲದ ಹಾಡು, ಸಾವಿನ ಮನೆಯ ಹಾಡುಗಳು ತುಂಬಿದ್ದವು. ಕಣಿವೆಯ ಹೆಂಗಸರೆಲ್ಲರ ಬಾಯಲ್ಲೂ ಇದ್ದ ಹಾಡುಗಳೇ ಅವು. ನಾಟಿಯ ಗದ್ದೆಯಲ್ಲಿ, ಒಕ್ಕಣೆಯ ಕಣದಲ್ಲಿ ಹುಟ್ಟಿ ಅಲ್ಲಿಯೇ ಬೆಳೆದಂಥವು. ಈ ಹಾಡುಗಳು ಒಂದು ಕಡೆ. ಟೂರಿಂಗ್ ಟಾಕೀಸಿನ ಧ್ವನಿವರ್ಧಕದಿಂದ ಸಂಜೆ ಹೊತ್ತು ತೇಲಿಬರುವ ಸಿನಿಮಾ ಗೀತೆಗಳು ಇನ್ನೊಂದು ಕಡೆ. ಇವೆರಡೇ ವರದರಾಜನ್ ಅವರ ಸಂಗೀತ ಶಾಲೆ ಎನ್ನಬಹುದು.

ಅವರು ಯೌವನಕ್ಕೆ ಬಂದ ಕಾಲದಲ್ಲಿ ಮಧುರೆ ಜಿಲ್ಲೆ ಬಹಳ ದೊಡ್ಡದು. ಇಂದಿನ ದಿಂಡಿಗಲ್ ಜಿಲ್ಲೆ 1985ರಲ್ಲಿ, ತೇನಿ ಜಿಲ್ಲೆ 1996ರಲ್ಲಿ ಅದರಿಂದ ಬೇರ್ಪಟ್ಟವು. ದಿಂಡಿಗಲ್ಲಿನಲ್ಲಿ ಚರ್ಮ ಹದಮಾಡುವ ಕೆಲಸಗಾರರು, ಮಧುರೆಯಲ್ಲಿ ನೂಲಿನ ಗಿರಣಿಯ ಕೆಲಸಗಾರರು ಸಂಘ ಕಟ್ಟಿಕೊಂಡು ಕೂಲಿಗಾಗಿ ಹೋರಾಡುತ್ತಿದ್ದರು. ಕಮ್ಯೂನಿಸ್ಟ್ ಪಕ್ಷಕ್ಕೆ ಅಲ್ಲಿ ಬಲವಿತ್ತು. ಬಡತನವನ್ನು ಕಂಡುಂಡಿದ್ದ ವರದರಾಜನ್ ಆ ಪಕ್ಷವನ್ನು ಸೇರಿದರು. ಭಾಷಣಕಾರರಾಗಿ ಅಲ್ಲ, ಹಾಡುಗಾರರಾಗಿ. ಪಕ್ಷ ರಾಜಕೀಯ ನಮ್ಮ ಶಾಲಾ ಸಂಚಿಕೆಗೆ ಸಂಬಂಧಪಟ್ಟ ವಿಷಯವಲ್ಲ. ಆದರೆ ಈ ಮನುಷ್ಯನ ಹಾಡನ್ನು ಆತನ ನಂಬಿಕೆಯಿಂದ ಬಿಡಿಸಿ ಹೇಳಹೊರಟರೆ ಹೇಳಲು ಏನೂ ಉಳಿಯುವುದಿಲ್ಲವಾದ್ದರಿಂದ ಅಷ್ಟು ಮಾತನ್ನು ಹೇಳಲೇಬೇಕಾಯಿತು.

ಅವರ ಕೈಯ ವಾದ್ಯ ಹಾರ್ಮೋನಿಯಂ. ಅದನ್ನು ಕೊಯಮತ್ತೂರಿನಲ್ಲಿ ಕೊಂಡು ತಂದಿದ್ದರು. ಈ ವಾದ್ಯದ ಚರಿತ್ರೆಯೂ ಸ್ವಾರಸ್ಯವಾದದ್ದು. ಹುಟ್ಟಿದ್ದು ಯೂರೋಪಿನಲ್ಲಿ, ಅಲ್ಲಿ ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿ ತುಂಬಿ ನುಡಿಸುತ್ತಿದ್ದರು. ನಮ್ಮ ದೇಶಕ್ಕೆ ಬಂದ ಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುವ ನಮ್ಮವರಿಗೆ ತಕ್ಕಂತೆ ಎಡಗೈಯಿಂದ ತಿದಿ ಒತ್ತಿ ಬಲಗೈಯಿಂದ ನುಡಿಸುವ ಪೆಟ್ಟಿಗೆಯಾಯಿತು. ನಮ್ಮ ಕಂಪೆನಿ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟರಿಗೆ ಎಂಥ ಸ್ಥಾನವಿತ್ತೆಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಆದರೆ ಆಕಾಶವಾಣಿಯು 1940ರಿಂದ 1971ರವರೆಗೆ ಈ ವಾದ್ಯವನ್ನು ತನ್ನ ಬಾಗಿಲೊಳಗೆ ಬಿಡಲಿಲ್ಲ. ನಮ್ಮ ರಾಗಗಳ ಗಮಕ ಅದರ ಮೇಲೆ ಬರುವುದಿಲ್ಲ, ಅದು ಪರದೇಶಿ ಪೆಟ್ಟಿಗೆ ಎಂಬುದು ದೊಡ್ಡವರ ವಾದ. ಹೀಗೆ ರೇಡಿಯೋ ಬೇಡವೆಂದ ವಾದ್ಯವನ್ನೇ ಹೆಗಲಿಗೇರಿಸಿಕೊಂಡು ವರದರಾಜನ್ ಊರೂರು ತಿರುಗಿದರು.

ಅವರು ಹಾಡು ಕಟ್ಟುತ್ತಿದ್ದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಜನಕ್ಕೆ ಆಗಲೇ ಬಾಯಿಪಾಠವಾಗಿದ್ದ ಸಿನಿಮಾ ಧಾಟಿಯನ್ನೋ ಹಳ್ಳಿಯ ತೆಮ್ಮಾಂಗು ಮಟ್ಟನ್ನೋ ಅವರು ಎತ್ತಿಕೊಳ್ಳುತ್ತಿದ್ದರು. ಮಾತು ಮಾತ್ರ ಹೊಸದು. ಅಕ್ಕಿಯ ಬೆಲೆ, ಕೂಲಿಯ ಲೆಕ್ಕ, ಓಟು ಕೇಳಲು ಬಂದವರ ಠೀವಿ, ಎಲ್ಲವೂ ಆ ಧಾಟಿಯೊಳಗೆ ಬಂದು ಕೂರುತ್ತಿದ್ದವು. ಇದು ಕಳ್ಳದಾರಿ, ಸ್ವಂತ ಧಾಟಿ ಹಾಕಲಾರದವರ ಉಪಾಯ ಎಂದು ಕೆಲವರಿಗೆ ಅನ್ನಿಸಬಹುದು. ನಮಗೆ ಹಾಗೆ ಅನ್ನಿಸುವುದಿಲ್ಲ. ಓದುಬರಹ ಬಾರದ ಜನ ದಿನವೆಲ್ಲ ದುಡಿದು ದಣಿದು ಬಂದು ಕುಳಿತಿರುವಾಗ ಧಾಟಿ ಪರಿಚಿತವಾಗಿದ್ದರೆ ಕಿವಿ ಮಾತಿನ ಕಡೆಗೆ ಹೊರಳುತ್ತದೆ. ಎರಡನೆಯ ಸಲಕ್ಕೆ ಪಲ್ಲವಿಯನ್ನು ಸಭೆಯೇ ಹಾಡುತ್ತದೆ. ನಮ್ಮ ಲಾವಣಿಕಾರರೂ ಗೀಗೀ ಮೇಳದವರೂ ಇದೇ ಗುಟ್ಟನ್ನು ಬಲ್ಲವರು. ಅಷ್ಟೇಕೆ, ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳು ಸಿನಿಮಾ ಧಾಟಿಗೆ ಉಪಾಧ್ಯಾಯರ ಮೇಲೆ ಹಾಡು ಕಟ್ಟಿ ಹಾಡಿದಾಗ ಸಭಿಕರು ಎಷ್ಟು ನಕ್ಕರು ಎಂಬುದು ನಮಗೆ ಮರೆತಿಲ್ಲ.

ಪಾವಲರ್ ಅವರ ಹೆಸರು ಕಣಿವೆಯನ್ನು ದಾಟಿ ಬೆಟ್ಟದ ಆಚೆಗೂ ಹಬ್ಬಿದ್ದು 1958ರಲ್ಲಿ. ಈ ಪ್ರಸಂಗ ತಿಳಿಯಬೇಕಾದರೆ ಬೆಟ್ಟವನ್ನು ಹತ್ತಬೇಕು. ಬೋಡಿನಾಯಕನೂರಿನಿಂದ ಹದಿನೇಳು ತಿರುವುಗಳ ಘಾಟಿ ರಸ್ತೆ ಬೋಡಿಮೆಟ್ಟಿಗೆ ಏರಿ ಅಲ್ಲಿಂದ ಮುನ್ನಾರಿನ ಚಹಾ ತೋಟಗಳಿಗೆ ಹೋಗುತ್ತದೆ. ಆ ತೋಟಗಳನ್ನು ಬೆಳೆಸಿದ್ದು ಕಣ್ಣನ್ ದೇವನ್ ಎಂಬ ಕಂಪೆನಿ. ಅದರ ಯಜಮಾನಿಕೆ ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದ್ದು. ಎಲೆ ಕೀಳುವ ಕೈಗಳು ಮಾತ್ರ ಬಹುಪಾಲು ತಮಿಳರವು. ಕಣಿವೆಯಿಂದಲೂ ಅದರಾಚೆಯ ಬರದ ಸೀಮೆಗಳಿಂದಲೂ ಮೇಸ್ತ್ರಿಗಳು ಕರೆದೊಯ್ದ ಬಡವರು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾದಾಗ ಅಲ್ಲಿಯ ದೇವಿಕುಳಂ ತಾಲ್ಲೂಕು ತಮಗೆ ಸೇರಬೇಕೆಂದು ತಮಿಳರು ಕೇಳಿದರೂ ಅದು ಕೇರಳಕ್ಕೇ ಉಳಿಯಿತು. ನಮ್ಮ ಕಾಸರಗೋಡು ಕೇರಳಕ್ಕೆ ಹೋದದ್ದೂ ಅದೇ ದಿನ.

1957ರ ಚುನಾವಣೆಯಲ್ಲಿ ಕೇರಳದಲ್ಲಿ ಇ. ಎಂ. ಎಸ್. ನಂಬೂದಿರಿಪಾಡರ ಮಂತ್ರಿಮಂಡಲ ಬಂದಿತು. ಶಾಸನಸಭೆಯಲ್ಲಿ ಅದರ ಬಹುಮತ ಬೆರಳೆಣಿಕೆಯದು. ದೇವಿಕುಳಂನಿಂದ ಗೆದ್ದಿದ್ದ ರೋಸಮ್ಮ ಪುನ್ನೂಸ್ ಅವರ ಆಯ್ಕೆ ನ್ಯಾಯಮಂಡಳಿಯಲ್ಲಿ ರದ್ದಾಗಿ 1958ರಲ್ಲಿ ಉಪಚುನಾವಣೆ ಬಂದಾಗ ಒಂದು ಸ್ಥಾನದ ಮೇಲೆ ಇಡೀ ದೇಶದ ಕಣ್ಣು ಬಿದ್ದಿತು. ಮತ ಹಾಕುವವರಲ್ಲಿ ಬಹು ಮಂದಿ ತಮಿಳು ಕೂಲಿಗಳು. ಅವರಿಗೆ ಮಲಯಾಳದ ಭಾಷಣ ಹಿಡಿಯುವಂತಿರಲಿಲ್ಲ. ಅವರ ಮನೆಮಾತಿನಲ್ಲಿ ಹಾಡಬಲ್ಲವನೊಬ್ಬ ಬೇಕಾಗಿತ್ತು. ಪಕ್ಕದ ಕಣಿವೆಯಲ್ಲಿಯೇ ಒಬ್ಬನಿದ್ದ.

ಪಾವಲರ್ ತೋಟದಿಂದ ತೋಟಕ್ಕೆ ಹೋಗಿ ಹಾಡಿದರು. ಸಾಲುಮನೆಗಳ ಮುಂದೆ, ಮಂಜು ಕವಿದ ಬೆಟ್ಟದ ಇಳಿಜಾರುಗಳಲ್ಲಿ, ಕೆಲಸ ಬಿಟ್ಟು ಬಂದ ಹೆಂಗಸರು ಗಂಡಸರ ನಡುವೆ ಹಾಡಿದರು. ಎದುರಾಳಿಗಳ ಚುನಾವಣಾ ಚಿಹ್ನೆಯಾಗಿದ್ದ ಜೋಡೆತ್ತುಗಳನ್ನು ಗೇಲಿಮಾಡಿ ಅವರು ಕಟ್ಟಿದ ಹಾಡು ಎಷ್ಟೋ ವರ್ಷಗಳ ತನಕ ಜನರ ಬಾಯಲ್ಲಿತ್ತು. ರೋಸಮ್ಮನವರು ಗೆದ್ದರು. ಆ ಗೆಲುವಿನಲ್ಲಿ ಪಾವಲರ್ ಅವರ ಪಾಲು ದೊಡ್ಡದೆಂದು ಪಕ್ಷದ ಹಿರಿಯರೇ ಒಪ್ಪಿಕೊಂಡರೆಂದು ತಮ್ಮಂದಿರು ಹೇಳುತ್ತ ಬಂದಿದ್ದಾರೆ. ಸರ್ಕಾರವನ್ನೇನೋ ಮರುವರ್ಷ, 1959ರ ಜುಲೈ 31ರಂದು, ಕೇಂದ್ರವು ವಜಾ ಮಾಡಿತು. ಹಾಡು ಹಾಗೆ ವಜಾ ಆಗಲಿಲ್ಲ.

ಈಗ ಓದುಗರನ್ನು ಒಂದು ಕ್ಷಣ ಇಂಗ್ಲೆಂಡಿಗೆ ಕರೆದೊಯ್ಯುತ್ತೇವೆ. ಎತ್ತಣ ಮುನ್ನಾರು, ಎತ್ತಣ ಇಂಗ್ಲೆಂಡು ಎನ್ನಬೇಡಿ. ಇವೆರಡರ ನಡುವೆ ಒಂದು ಮರದ ಪೆಟ್ಟಿಗೆಯ ಸಂಬಂಧವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುನ್ನಾರಿನ ಚಹಾ ಬೆಟ್ಟದ ತುದಿಯಿಂದ ಹಗ್ಗದ ದಾರಿಯಲ್ಲಿ ತೂಗಾಡುತ್ತ ಕಣಿವೆಗೆ ಇಳಿದು, ಬೋಡಿಯ ಮೇಲೆ ಹಾದು, ತೂತ್ತುಕುಡಿ ಬಂದರಿನಿಂದ ಹಡಗು ಹತ್ತುತ್ತಿತ್ತು. ಭಾರತ, ಸಿಂಹಳಗಳಿಂದ ಹೀಗೆ ಚಹಾ ತುಂಬಿ ಹೋದ ತೆಳು ಹಲಗೆಯ ಪೆಟ್ಟಿಗೆಗಳು ಬ್ರಿಟನ್ನಿನ ಅಂಗಡಿಗಳ ಹಿಂದೆ ಖಾಲಿಯಾಗಿ ಬಿದ್ದಿರುತ್ತಿದ್ದವು. 1956ರ ಸುಮಾರಿಗೆ ಅಲ್ಲಿಯ ಕೂಲಿಕಾರರ ಮಕ್ಕಳು, ಶಾಲಾ ಹುಡುಗರು, ಅಂಥ ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ, ಅದಕ್ಕೊಂದು ಪೊರಕೆ ಕೋಲನ್ನು ನಿಲ್ಲಿಸಿ, ಕೋಲಿನ ತುದಿಗೂ ಪೆಟ್ಟಿಗೆಗೂ ಒಂದು ದಾರ ಬಿಗಿದು ಮಂದ್ರ ಸ್ವರ ನುಡಿಸತೊಡಗಿದರು. ಬಟ್ಟೆ ಒಗೆಯುವ ತಗಡಿನ ಹಲಗೆ ಅವರ ತಾಳವಾದ್ಯ. ಜೊತೆಗೊಂದು ಅಗ್ಗದ ಗಿಟಾರು. ಇದಕ್ಕೆ ಸ್ಕಿಫಲ್ ಎಂದು ಹೆಸರು. ಹಾಡುಗಳೂ ಸ್ವಂತದ್ದಲ್ಲ, ಅಮೆರಿಕದ ಕರಿಯ ಕೂಲಿಗಳ, ಸೆರೆಯಾಳುಗಳ ಹಾಡುಗಳು. ಲಾನಿ ಡಾನಿಗನ್ ಎಂಬಾತ ಹಾಡಿದ ಒಂದು ರೈಲಿನ ಹಾಡು 1956ರಲ್ಲಿ ಆ ನಾಡಿನ ಮನೆಮನೆಗೂ ಹೋಯಿತು. ವೈಪರ್ಸ್ ಎಂಬ ತಂಡ ಲಂಡನ್ನಿನ ಒಂದು ಕಾಫಿ ಅಂಗಡಿಯಲ್ಲಿ ಹಾಡುತ್ತಿತ್ತು. ಲಿವರ್‌ಪೂಲಿನ ಶಾಲಾ ಹುಡುಗರ ಕ್ವಾರಿಮೆನ್ ಎಂಬ ತಂಡದಲ್ಲೂ ಚಹಾ ಪೆಟ್ಟಿಗೆಯೇ ಮಂದ್ರ ವಾದ್ಯ. ಆ ತಂಡವೇ ಮುಂದೆ ಬೀಟಲ್ಸ್ ಆಯಿತು.

ಇನ್ನೊಬ್ಬರ ಹೆಸರನ್ನೂ ಹೇಳಬೇಕು: ಅಲೆಕ್ಸಿಸ್ ಕಾರ್ನರ್. ಪ್ಯಾರಿಸಿನಲ್ಲಿ 1928ರಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ ಈತ 1961ರಲ್ಲಿ ಬ್ಲೂಸ್ ಇನ್‌ಕಾರ್ಪೊರೇಟೆಡ್ ಎಂಬ ತಂಡ ಕಟ್ಟಿದ. ತಂಡ ಹಣ ಮಾಡಲಿಲ್ಲ, ಅಂಥ ಹೆಸರನ್ನೂ ಮಾಡಲಿಲ್ಲ. ಆದರೆ ಅದರಲ್ಲಿ ಡೋಲು ಬಾರಿಸಿದ ಚಾರ್ಲಿ ವಾಟ್ಸ್, ಅದರ ಜೊತೆ ನಿಂತು ಹಾಡಿದ ಮಿಕ್ ಜ್ಯಾಗರ್ ಮುಂದೆ ರೋಲಿಂಗ್ ಸ್ಟೋನ್ಸ್ ತಂಡದಿಂದ ಲೋಕಪ್ರಸಿದ್ಧರಾದರು. ಬ್ರಿಟಿಷ್ ರಾಕ್ ಸಂಗೀತದ ಚರಿತ್ರೆಯಲ್ಲಿ ಇಂಥ ತಂಡಗಳು ಎಷ್ಟೋ. ಫಲಕದ ಮೇಲೆ ಹೆಸರು ಬರೆಸಿಕೊಂಡವರು ಬೇರೆ, ಅವರಿಗೆ ಕೈ ಹಿಡಿದು ದಾರಿ ತೋರಿಸಿದವರು ಬೇರೆ. ಪಣ್ಣೈಪುರದ ಮೇಳವನ್ನು ನೆನೆದಾಗಲೆಲ್ಲ ನಮಗೆ ಕಾರ್ನರನ ತಂಡ ನೆನಪಾಗುತ್ತದೆ. ಇವರಿಗೆ ಅವರ ಹೆಸರು ಗೊತ್ತಿರಲು ಕಾರಣವಿಲ್ಲ, ಅವರಿಗೆ ಇವರದೂ ಗೊತ್ತಿಲ್ಲ. ಆದರೂ ಅದೇ ನಾಲ್ಕಾರು ವರ್ಷಗಳಲ್ಲಿ, ಚಹಾ ಬೆಳೆಯುವ ಬೆಟ್ಟದಲ್ಲೂ ಚಹಾ ಕುಡಿಯುವ ನಗರದಲ್ಲೂ, ಕೈಗೆ ಸಿಕ್ಕ ವಾದ್ಯ ಹಿಡಿದು ಇನ್ನೊಬ್ಬರ ಧಾಟಿಯಲ್ಲಿ ತಮ್ಮ ಪಾಡನ್ನು ಹಾಡಿಕೊಂಡವರು ಇದ್ದರು.

ಕಣಿವೆಗೆ ಹಿಂತಿರುಗೋಣ. ಮನೆಯವರು ರಾಸಯ್ಯ ಎಂದು ಕರೆಯುತ್ತಿದ್ದ ತಮ್ಮ, ಅಂದರೆ 1943ರಲ್ಲಿ ಹುಟ್ಟಿದ ಇಂದಿನ ಇಳಯರಾಜ, ಹದಿನಾಲ್ಕು ವಯಸ್ಸಿನ ಹೊತ್ತಿಗೆ ಶಾಲೆ ಬಿಟ್ಟು ಅಣ್ಣನ ಮೇಳ ಸೇರಿದರು. ಮೊದಲು ಅವರಿಗೆ ಸಿಕ್ಕಿದ್ದು ಹೆಣ್ಣು ದನಿಯಲ್ಲಿ ಹಾಡುವ ಕೆಲಸ. ಗಂಡು ಹುಡುಗರ ಕಂಠ ಒಡೆಯುವ ವಯಸ್ಸು ಬಂದಾಗ ಆ ಕೆಲಸ ತಪ್ಪಿತು. ಹಾರ್ಮೋನಿಯಂ ಕೈಗೆ ಬಂತು. ಅಣ್ಣನ ಪೆಟ್ಟಿಗೆಯನ್ನು ಮುಟ್ಟುವುದು ಸುಲಭವಾಗಿರಲಿಲ್ಲ. ಮಕ್ಕಳ ಕೈಗೆ ಸಿಕ್ಕಿ ಕೆಟ್ಟರೆ ಅನ್ನದ ದಾರಿಯೇ ಮುಚ್ಚುವ ವಸ್ತುವದು. ಹಾಗಾಗಿ ಅಣ್ಣ ಇಲ್ಲದ ಹೊತ್ತು ನೋಡಿ ಕದ್ದು ಕಲಿತದ್ದೇ ಹೆಚ್ಚು. ಭಾಸ್ಕರ್, ಅಮರ್ ಕೂಡ ಒಬ್ಬೊಬ್ಬರಾಗಿ ಸೇರಿ ಅಣ್ಣತಮ್ಮಂದಿರ ಮೇಳವೇ ಆಯಿತು. ಪಾವಲರ್ ಬ್ರದರ್ಸ್ ಎಂಬ ಹೆಸರಿನಲ್ಲಿ ಸುಮಾರು ಹತ್ತು ವರ್ಷ ಅವರು ದಕ್ಷಿಣ ದೇಶದ ಊರುಗಳನ್ನು ಸುತ್ತಿದರು. ಸಭೆ, ಉತ್ಸವ, ನಾಟಕ, ಎಲ್ಲಿ ಕರೆದರೂ ಹೋದರು.

ವಿದ್ಯಾರ್ಥಿಗಳ ತಂದೆತಾಯಿಗಳು ಇಲ್ಲಿ ಹುಬ್ಬು ಗಂಟಿಕ್ಕಬಹುದು. ಹುಡುಗನ ಓದು ಬಿಡಿಸಿ ಹಾಡಲು ಕರೆದೊಯ್ದ ಅಣ್ಣನನ್ನು ಶಾಲಾ ಸಂಚಿಕೆಯಲ್ಲಿ ಹೊಗಳುವುದೇ ಎಂದು. ನಾವು ಹೊಗಳುತ್ತಿಲ್ಲ. ಬಡತನ ಬಿಡಿಸಿದ ಓದು ಅದು. ಎಂಟೋ ಒಂಬತ್ತೋ ತರಗತಿಗೆ ಪುಸ್ತಕ ಮುಚ್ಚಿದ ಮಕ್ಕಳು ಆ ಕಾಲದಲ್ಲಿ ನಮ್ಮ ಊರುಗಳಲ್ಲೂ ಸಾವಿರಾರು. ಆದರೆ ಮೇಳದಲ್ಲಿ ಕಲಿತದ್ದು ಕಡಿಮೆಯಲ್ಲ. ಯಾವ ಧಾಟಿಗೆ ಜನ ತಲೆದೂಗುತ್ತಾರೆ, ಯಾವುದಕ್ಕೆ ಎದ್ದು ಹೋಗುತ್ತಾರೆ ಎಂಬುದನ್ನು ನೂರಾರು ರಾತ್ರಿ ಎದುರಿಗೇ ಕಂಡ ಹುಡುಗ ಅವನು. ಒಂದು ಸಿನಿಮಾ ಗೀತೆಯನ್ನು ಕೇಳಿದೊಡನೆ ಅದರ ಎಲುಬು ಯಾವುದು, ಮಾಂಸ ಯಾವುದು ಎಂದು ಬಿಡಿಸಿ ನೋಡದೆ ಅದಕ್ಕೆ ಹೊಸ ಮಾತು ಕೂರಿಸುವುದು ಸಾಧ್ಯವಿಲ್ಲ. ದಿನವೂ ಅಣ್ಣ ಮಾಡುತ್ತಿದ್ದುದು ಆ ಕೆಲಸವೇ. ತಮ್ಮ ನೋಡುತ್ತಿದ್ದುದೂ ಅದನ್ನೇ.

1968ರಲ್ಲಿ ತಮ್ಮಂದಿರು ಸಿನಿಮಾದಲ್ಲಿ ಅದೃಷ್ಟ ಪರೀಕ್ಷಿಸಲು ಮದರಾಸಿಗೆ ಹೊರಟರು. ಚಿನ್ನತಾಯಿಯವರು ಮನೆಯಲ್ಲಿದ್ದ ರೇಡಿಯೋವನ್ನು ನಾನೂರು ರೂಪಾಯಿಗೆ ಮಾರಿ ಹಣ ಕೊಟ್ಟರೆಂಬುದು ಆ ಕುಟುಂಬದ ಎಲ್ಲರೂ ಹೇಳುವ ಮಾತು. ಮದರಾಸಿನಲ್ಲಿ ಧನರಾಜ್ ಮಾಸ್ತರರೆಂಬ ಗುರುಗಳು ರಾಸಯ್ಯನಿಗೆ ಪಿಯಾನೋ, ಗಿಟಾರುಗಳನ್ನೂ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿಸಿದರು. ಮುಂದೆ ಅವರು ಸೇರಿದ್ದು ನಮ್ಮ ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶ್ ಅವರ ಬಳಿಗೆ, ಸಹಾಯಕರಾಗಿ. 1972ರ ಬಂಗಾರದ ಮನುಷ್ಯ ಚಿತ್ರಕ್ಕೆ ಸಂಗೀತ ಕೊಟ್ಟ ವೆಂಕಟೇಶರು ಇವರೇ. ಆ ವರ್ಷಗಳಲ್ಲಿ ವೆಂಕಟೇಶರ ಅನೇಕ ಕನ್ನಡ ಚಿತ್ರಗಳ ವಾದ್ಯಗೋಷ್ಠಿಯಲ್ಲಿ ಪಣ್ಣೈಪುರದ ಹುಡುಗನ ಕೈಗುಣ ಸೇರಿಕೊಂಡಿದೆ. ಬೆಳ್ಳಿತೆರೆಯ ಮೇಲೆ ಹೆಸರು ಬರುವ ಮೊದಲೇ ನಮ್ಮ ತಂದೆತಾಯಿಗಳು ಅವರನ್ನು ಕೇಳಿದ್ದರು, ತಿಳಿದಿರಲಿಲ್ಲ ಅಷ್ಟೆ.

ಪಾವಲರ್ ವರದರಾಜನ್ 1973ರಲ್ಲಿ ತೀರಿಕೊಂಡರು. ತಮ್ಮನಿಗೆ ಅನ್ನಕ್ಕಿಳಿ ಎಂಬ ಚಿತ್ರದಿಂದ ಹೆಸರು ಬಂದದ್ದು 1976ರಲ್ಲಿ. ಅದರ ಹಾಡುಗಳಲ್ಲಿ ಹಳ್ಳಿಯ ಧಾಟಿಯೂ ಗಿಟಾರು ಪಿಟೀಲುಗಳ ಮೇಳವೂ ಒಂದೇ ಪಾತಳಿಯಲ್ಲಿ ಬೆರೆತಿದ್ದವು. ತಮಿಳುನಾಡಿನ ಮೂಲೆಮೂಲೆಯಲ್ಲಿ ಅವು ಮೊಳಗಿದವು. ಅದನ್ನು ಕೇಳಲು ಅಣ್ಣ ಇರಲಿಲ್ಲ. ಬರಿಯ ಮೂರು ವರ್ಷದ ಅಂತರ. ಈ ಜೀವನಚರಿತ್ರೆಯಲ್ಲಿ ನಮಗೆ ಅತಿ ಕಷ್ಟವೆನಿಸುವ ಮಾತು ಇದೇ.

ಅವರ ಹಾಡುಗಳು ಒಂದು ಊರಿಗೆ, ಒಂದು ಸಂಜೆಗೆ, ಒಂದು ಚುನಾವಣೆಗೆ ಕಟ್ಟಿದವು. ಚುನಾವಣೆ ಮುಗಿದರೆ ಹಾಡಿನ ಕೆಲಸವೂ ಮುಗಿಯುತ್ತಿತ್ತು. ಧಾಟಿಯ ಕೀರ್ತಿ ಮೂಲ ಸಿನಿಮಾದವರಿಗೆ ಹೋಯಿತು, ಗೆಲುವಿನ ಕೀರ್ತಿ ಗೆದ್ದವರಿಗೆ ಹೋಯಿತು. ತಮ್ಮಂದಿರು ಮಾತ್ರ ಮರೆಯಲಿಲ್ಲ. ತಾವೇ ಚಿತ್ರ ತೆಗೆಯುವಷ್ಟು ಅನುಕೂಲವಾದಾಗ ತಮ್ಮ ಸಂಸ್ಥೆಗೆ ಪಾವಲರ್ ಕ್ರಿಯೇಷನ್ಸ್ ಎಂದು ಹೆಸರಿಟ್ಟರು. 1981ರ ಅಲೈಗಳ್ ಓಯ್ವದಿಲ್ಲೈ ಚಿತ್ರ ಆ ಹೆಸರಿನಲ್ಲಿಯೇ ತೆರೆಗೆ ಬಂತು. ಅದರ ನಿರ್ದೇಶಕ ಭಾರತಿರಾಜರೂ ತೇನಿಯ ಅಲ್ಲಿನಗರದವರು. ಪಣ್ಣೈಪುರದ ಮನೆಯ ಹಳೆಯ ಗೆಳೆಯರು. ಅಮರ್ ಗಂಗೈ ಅಮರನ್ ಎಂಬ ಹೆಸರಿನಿಂದ ಕವಿಯಾಗಿ, ಸಂಗೀತ ನಿರ್ದೇಶಕರಾಗಿ ಪ್ರಸಿದ್ಧರಾದರು. ಹಾಡು ಕಟ್ಟುವ ವಿದ್ಯೆಯಲ್ಲಿ ಅಣ್ಣನ ನೇರ ವಾರಸುದಾರರು ಇವರೇ ಎಂಬುದು ನಮ್ಮ ಎಣಿಕೆ. ಅದೇ 1981ರಲ್ಲಿ ಶಂಕರ್‌ನಾಗ್ ಅವರ ಗೀತಾ ಚಿತ್ರಕ್ಕೆ ಇಳಯರಾಜರು ಕೊಟ್ಟ ಸಂಗೀತವನ್ನು ಕನ್ನಡಿಗರಿಗೆ ನಾವು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಗಿಟಾರು, ಡ್ರಮ್ಮುಗಳ ಆ ಹಾಡುಗಳಿಗೆ ಇಂದಿಗೂ ನಮ್ಮ ಮಕ್ಕಳು ಶಾಲಾ ವೇದಿಕೆಯ ಮೇಲೆ ಕುಣಿಯುತ್ತಾರೆ.

2025ರ ಮಾರ್ಚ್ 8ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಬಡಾವಣೆಯ ಅಪೊಲೊ ಸಭಾಂಗಣದಲ್ಲಿ ಇಳಯರಾಜರು ರಚಿಸಿದ ವ್ಯಾಲಿಯಂಟ್ ಎಂಬ ಸಿಂಫನಿಯನ್ನು ಆಂಗ್ಲ ವಾದ್ಯವೃಂದವೊಂದು ನುಡಿಸಿತು. ಆ ಸಭಾಂಗಣ ಹಿಂದೆ ಹ್ಯಾಮರ್‌ಸ್ಮಿತ್ ಓಡಿಯನ್ ಎಂಬ ಹೆಸರಿನಿಂದ ಬ್ರಿಟಿಷ್ ರಾಕ್ ತಂಡಗಳ ದೊಡ್ಡ ವೇದಿಕೆಯಾಗಿತ್ತು. ಚಹಾ ಪೆಟ್ಟಿಗೆಯ ಮೇಲೆ ದಾರ ಮೀಟಿ ಸಂಗೀತ ಕಲಿತ ಪೀಳಿಗೆಯವರು ಬೆಳೆದು ದೊಡ್ಡವರಾಗಿ ನಿಂತು ನುಡಿಸಿದ ಜಾಗ ಅದು.

ಕೊಯಮತ್ತೂರಿನಲ್ಲಿ ಕೊಂಡ ಆ ಹಳೆಯ ಹಾರ್ಮೋನಿಯಂ ಅಣ್ಣನ ನಂತರ ತಮ್ಮನ ಬಳಿಯೇ ಉಳಿಯಿತು. ಇಳಯರಾಜರು ಅದನ್ನು ಜೋಪಾನವಾಗಿಟ್ಟುಕೊಂಡಿದ್ದಾರೆ. ಸಭೆಗಳಲ್ಲಿ ಅದರ ಮಾತು ಬಂದಾಗ ಅದು ಯಾರದು, ಎಲ್ಲಿ ಕೊಂಡದ್ದು ಎಂಬುದನ್ನು ಮೊದಲು ಹೇಳುತ್ತಾರೆ.